ಒಂದರಿಂದ ಹತ್ತರವರೆಗೆ

ಅಮರ ಚಿತ್ರಕಥೆಯ ಇಂಗ್ಲಿಷ್ ಪುಸ್ತಕಗಳ ಸಂಖ್ಯೆ ಶುರುವಾಗುವುದೇ 11ರಿಂದ. ಆ ಹನ್ನೊಂದನೆಯದು ‘ಕೃಷ್ಣ’. ಕಥೆ ಅನಂತ ಪೈ ಅವರದು, ಚಿತ್ರ ರಾಮ್ ವಾಯಿರ್‌ಕರ್ ಅವರದು. ಹಾಗಾದರೆ ಮೊದಲ ಹತ್ತು ಎಲ್ಲಿ ಹೋದವು? ಉತ್ತರ ಬೆಂಗಳೂರಿನಲ್ಲಿದೆ. 1965ರಲ್ಲಿ ಇಲ್ಲಿನ ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಅವು ಹೊರಬಂದವು, ಅದೂ ಕನ್ನಡದಲ್ಲಿ. ಚೆನ್ನಾಗಿ ಖರ್ಚಾದವು. ಆ ಖರ್ಚು ಕಂಡೇ ಮುಂಬಯಿಯ ಮುಖ್ಯ ಕಚೇರಿ ಈ ಕೆಲಸವನ್ನು ಗಟ್ಟಿಯಾಗಿ ಕೈಗೆತ್ತಿಕೊಂಡಿತು ಎಂದು ಅನಂತರಾಮ್ ಹೇಳುತ್ತಿದ್ದರು. ಮೊದಲ ಹತ್ತು ಕನ್ನಡದವಾದ್ದರಿಂದಲೇ ಇಂಗ್ಲಿಷಿನವು ಹನ್ನೊಂದರಿಂದ ಶುರುವಾದವು ಎಂಬುದೂ ಅವರದೇ ಮಾತು.

ದೇಶಕ್ಕೆಲ್ಲ ಗೊತ್ತಿರುವ ಹುಟ್ಟಿನ ಕಥೆ ಬೇರೆಯದು. ಕಾರ್ಕಳದಲ್ಲಿ ಹುಟ್ಟಿದ ಪೈ 1967ರಲ್ಲಿ ದೆಹಲಿಯಲ್ಲಿ ಟಿ.ವಿ.ಯಲ್ಲೊಂದು ಕ್ವಿಜ್ ನೋಡಿದರಂತೆ. ಗ್ರೀಕ್ ದೇವತೆಗಳ ಬಗ್ಗೆ ಪಟಪಟನೆ ಉತ್ತರ ಕೊಟ್ಟ ಮಕ್ಕಳಿಗೆ ರಾಮನ ತಾಯಿ ಯಾರೆಂದು ಗೊತ್ತಾಗಲಿಲ್ಲವಂತೆ. ಅಲ್ಲಿಂದ ಅಮರ ಚಿತ್ರಕಥೆ. ಎರಡೂ ನಿಜವೇ ಇರಬಹುದು. ದೊಡ್ಡ ಕೆಲಸಗಳಿಗೆ ಒಂದಕ್ಕಿಂತ ಹೆಚ್ಚು ಹುಟ್ಟುಗಳಿರುತ್ತವೆ. ಆದರೆ ಬೆಂಗಳೂರಿನ ಆ ಹತ್ತರಲ್ಲಿ ರಾಮನೂ ಇಲ್ಲ, ಕೌಸಲ್ಯೆಯೂ ಇಲ್ಲ. ಇರುವವರು ಸಿಂಡರೆಲ್ಲಾ, ಸ್ನೋ ವೈಟ್ ಮತ್ತು ಏಳು ಕುಳ್ಳರು, ನೂರು ವರ್ಷ ಮಲಗಿದ ಸುಂದರಿ, ಕೆಂಪು ಟೋಪಿಯ ಹುಡುಗಿ, ಅವರೆ ಬಳ್ಳಿ ಹತ್ತಿದ ಜ್ಯಾಕ್, ಮೂರು ಹಂದಿಮರಿಗಳು, ಅಲ್ಲಾದೀನ, ಪಿನೋಕಿಯೊ, ಆಜ್ ದೇಶದ ಮಾಂತ್ರಿಕ. ಜೊತೆಗೆ ಒಂದು ಮಾಯಾ ಕಾರಂಜಿ. ಎಲ್ಲವೂ ಅಮೆರಿಕದ ‘ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್ ಜೂನಿಯರ್’ ಮಾಲೆಯವು. 1953ರಲ್ಲಿ ಸ್ನೋ ವೈಟ್‌ಗೆ 501 ಎಂಬ ಸಂಖ್ಯೆ ಕೊಟ್ಟು ಅಲ್ಲಿ ಆ ಮಾಲೆ ಶುರುವಾಗಿತ್ತು. ಭಾರತದ ಪುರಾಣವನ್ನು ಮನೆಮನೆಗೆ ಹಂಚಿದ ಮಾಲೆಯ ಮೊದಲ ಮೆಟ್ಟಿಲು ಗಾಜಿನ ಚಪ್ಪಲಿ ಹಾಕಿಕೊಂಡ ಹುಡುಗಿ ಎಂಬುದು ನನಗೆ ಯಾವತ್ತೂ ಮೋಜಿನ ವಿಷಯ.

ಹಳೆಯ ಚಿತ್ರಪುಸ್ತಕ ಕೂಡಿಡುವ ಹುಚ್ಚಿರುವ ನಮ್ಮಂಥ ನಾಲ್ಕಾರು ಜನಕ್ಕೆ ಆ ಹತ್ತು ಪುಸ್ತಕಗಳು ಬೇಕು. ಲಂಡನ್ನಿನ ಹರಾಜಿನಲ್ಲಿ ಆರ್ಥರ್ ರ‍್ಯಾಕಮ್ ರುಜು ಹಾಕಿದ ಪ್ರತಿಯೋ, 1914ರ ಕಾಯ್ ನೀಲ್ಸನ್ ಚಿತ್ರಗಳ ನಾರ್ವೆ ಕಥೆಗಳೋ ದುಡ್ಡಿದ್ದರೆ ಸಿಕ್ಕಿಯಾವು. ಕನ್ನಡದ ಪಿನೋಕಿಯೊ ದುಡ್ಡಿದ್ದರೂ ಸಿಗುವುದಿಲ್ಲ. ಅದು ಸಿಕ್ಕರೆ ಸಿಗಬೇಕಾದ್ದು ಯಾರದೋ ಅಟ್ಟದಲ್ಲಿ, ಇಲ್ಲವೇ ಹಳೇ ಪೇಪರ್ ಅಂಗಡಿಯ ತಕ್ಕಡಿಯ ಪಕ್ಕದಲ್ಲಿ.

ಅದಕ್ಕೆ ಜಯನಗರಕ್ಕೆ ಹೋಗುವ ಕಾಲ ಪಿತೃಪಕ್ಷದ ಕೊನೆಯ ವಾರ. ಹೊಸ ಸಾಮಾನು ಕೊಳ್ಳುವ ಹಾಗಿಲ್ಲ, ಶುಭಕಾರ್ಯವಿಲ್ಲ. ಮನೆ ಗುಡಿಸಿ ಸಾರಿಸಲು ಮಾತ್ರ ಅಡ್ಡಿಯಿಲ್ಲ. ಮುಂದೆ ಮಹಾನವಮಿ, ಬೊಂಬೆ ಕೂರಿಸಬೇಕು, ಆಯುಧಪೂಜೆಗೆ ಮನೆ ಒಪ್ಪವಾಗಿರಬೇಕು. ಅಟ್ಟದಿಂದ ಬೊಂಬೆ ಡಬ್ಬ ಇಳಿಸುವಾಗ ಅದರ ಹಿಂದಿನ ಟ್ರಂಕೂ ಇಳಿಯುತ್ತದೆ. ಹದಿನೈದು ದಿನದಲ್ಲಿ ಅರ್ಧ ಜಯನಗರದ ಪುಸ್ತಕ ತೂಕಕ್ಕೆ ಬಿದ್ದಿರುತ್ತದೆ. ಅದಾದ ವಾರಕ್ಕೇ ಸರಸ್ವತಿ ಪೂಜೆ. ಉಳಿದ ಪುಸ್ತಕಗಳು ಪೀಠದ ಮೇಲೆ ಕೂತು ಅರಿಶಿನ ಕುಂಕುಮ ಹಚ್ಚಿಸಿಕೊಳ್ಳುತ್ತವೆ. ನಮ್ಮ ಜನಕ್ಕೆ ಇದರಲ್ಲಿ ವಿರೋಧವೇನೂ ಕಾಣುವುದಿಲ್ಲ, ನನಗೂ ಈಚೆಗೆ ಕಾಣುವುದಿಲ್ಲ.

ಜಯನಗರ ಸ್ಟೇಷನ್ನಿನಲ್ಲಿ ಮೆಟ್ರೋ ಇಳಿದು ನಾಲ್ಕನೇ ಬ್ಲಾಕಿನ ಕಡೆ ನಡೆದೆ. 1948ರಲ್ಲಿ ಬಡಾವಣೆಗೆ ಅಡಿಗಲ್ಲು ಹಾಕಿದವರು ರಾಜಾಜಿ. ಅದರ ಗುರುತಿಗೆ ಅಶೋಕ ಸ್ತಂಭ ಇನ್ನೂ ನಿಂತಿದೆ. ಅರವತ್ತು–ನಲವತ್ತರ ಸೈಟಿನಲ್ಲಿ ಮುಂದೊಂದು ಸಂಪಿಗೆ ಮರ, ಹಿಂದೊಂದು ತೆಂಗಿನ ಮರ ಇಟ್ಟು ಮನೆ ಕಟ್ಟಿಸಿದವರು ಮೇಷ್ಟ್ರುಗಳು, ಬ್ಯಾಂಕಿನವರು, ಎಚ್.ಎ.ಎಲ್., ಐ.ಟಿ.ಐ. ನೌಕರರು. ಅವರ ಮಕ್ಕಳು ಓದಿದ್ದು ಎಪ್ಪತ್ತು, ಎಂಬತ್ತರ ದಶಕದಲ್ಲಿ. ಅವರ ಮೊಮ್ಮಕ್ಕಳು ಇರುವುದು ಡಲ್ಲಾಸಿನಲ್ಲೋ ಸಿಡ್ನಿಯಲ್ಲೋ. ಮನೆ ಬಿಲ್ಡರಿಗೆ ಹೋಗುವ ದಿನ ಮೊದಲು ಖಾಲಿಯಾಗುವುದು ಅಟ್ಟ. ಹಾಗಾಗಿ ಕರ್ನಾಟಕದ ಬಾಲ್ಯದ ಕಾಗದಗಳು ಸಾಲಾಗಿ ಹೊರಬರುತ್ತಿರುವ ಜಾಗ ಸದ್ಯಕ್ಕೆ ಇದು. ಇನ್ನೊಂದು ಹತ್ತು ವರ್ಷ, ಆಮೇಲೆ ಇಲ್ಲಿ ಹುಡುಕಲು ಏನೂ ಇರುವುದಿಲ್ಲ.

ಒಂದು ಅಡ್ಡರಸ್ತೆಯ ಪೇಪರ್ ಅಂಗಡಿಗೆ ನಾನು ಹೋಗುತ್ತಿರುತ್ತೇನೆ. ಒಳಗೆ ಒಬ್ಬರು ನಿಲ್ಲುವಷ್ಟು ಜಾಗ, ಮಿಕ್ಕಿದ್ದೆಲ್ಲ ಸೂರಿನವರೆಗೆ ಕಟ್ಟು. ನ್ಯೂಸ್‌ಪೇಪರಿಗೆ ಒಂದು ರೇಟು, ಪುಸ್ತಕಕ್ಕೆ ಅದಕ್ಕಿಂತ ಕಮ್ಮಿ. ಪೇಪರಾದರೆ ಪೊಟ್ಟಣ ಕಟ್ಟುವವರಿಗೆ ಬೇಕು. ಪುಸ್ತಕವಾದರೆ ರಟ್ಟು ಕೀಳಬೇಕು, ಪಿನ್ನು ತೆಗೆಯಬೇಕು, ಮಿಲ್ಲಿಗೆ ಕಳಿಸಬೇಕು.

“ಏನ್ ಬೇಕು ಸಾರ್? ಸಿಇಟಿ ಗೈಡಾ?”

“ಮಕ್ಕಳ ಕಥೆ ಪುಸ್ತಕ ಅಣ್ಣ. ಬಣ್ಣದ ಬೊಂಬೆ ಇರೋವು, ಹಳೇವು.”

“ಬೊಂಬೆ ಪುಸ್ತಕ ನಿಲ್ಲಲ್ಲ ಸಾರ್. ಬಂದ್ರೆ ಬೆಳಿಗ್ಗೇನೇ ಯಾರಾದ್ರೂ ತಾಯಂದ್ರು ತಗೊಂಡ್ ಹೋಗ್ಬಿಡ್ತಾರೆ.”

“ಓದಿಸೋಕಾ?”

“ಎಲ್ಲಿ ಓದ್ತಾರೆ? ಸ್ಕೂಲಲ್ಲಿ ಪ್ರಾಜೆಕ್ಟ್ ವರ್ಕ್ ಕೊಟ್ಟಿರ್ತಾರಲ್ಲ, ಕಟ್ ಮಾಡಿ ಅಂಟಿಸಕ್ಕೆ.”

ನನ್ನ ಪ್ರತಿಸ್ಪರ್ಧಿಗಳು ಯಾರೆಂದು ಆವತ್ತು ಗೊತ್ತಾಯಿತು. ಸಂಗ್ರಾಹಕರಲ್ಲ, ಎರಡನೇ ಕ್ಲಾಸಿನ ಮಕ್ಕಳು. ಅಂಗಡಿಯಾತ ಪಾಪ, ಬರಿಗೈಲಿ ಕಳಿಸಬಾರದೆಂದು ಗಾಡಿಯ ಹುಡುಗನನ್ನು ಕರೆದು, ಮೊನ್ನೆ ಪೇಪರ್ ತಂದ ಮನೆಯಲ್ಲಿ ಇನ್ನೊಂದು ಟ್ರಂಕ್ ಇದೆ ಅಂದಿದ್ದರಲ್ಲ, ಇವರನ್ನ ಕರಕೊಂಡು ಹೋಗು ಎಂದರು.

ಮನೆಯಾಕೆಗೆ ಎಪ್ಪತ್ತೈದರ ಮೇಲಾಗಿರಬೇಕು. ಹಾಲಿನಲ್ಲಿ ಪಟ್ಟದ ಬೊಂಬೆಗಳನ್ನು ಹಳೆಯ ಪಂಚೆಯ ಬಟ್ಟೆಯಲ್ಲಿ ಒರೆಸುತ್ತ ಕೂತಿದ್ದರು. ಗಾಡಿ ಹುಡುಗನ ಜೊತೆ ಬಂದ ನನ್ನನ್ನು ಕಂಡು, ಪೇಪರಿನವನೋ ಬಿಲ್ಡರ್ ಕಡೆಯವನೋ ಎಂದು ಅಂದಾಜು ಹಾಕಿದರು. ಎರಡೂ ಅಲ್ಲ ಎಂದು ಗೊತ್ತಾದ ಮೇಲೆ ಕಾಫಿ ಬಂತು. “ನೋಡಪ್ಪಾ, ಟ್ರಂಕು ಅಲ್ಲಿದೆ. ಹುಳ ಬಿದ್ದಿರೋದಿದ್ದರೆ ಬೇರೆ ಇಡು. ಹಾಗೇ ನನಗೊಂದು ಉಪಕಾರ ಮಾಡು, ಆ ದಸರಾ ಆನೆ ಡಬ್ಬ ಮೇಲಿದೆ, ಇಳಿಸಿಕೊಡು.”

ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ. ಮೇಲೆ ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ಯ ಸಂಪುಟಗಳು. ತಿಂಗಳಿಗೊಂದರಂತೆ ಹನ್ನೆರಡು ಇರಬೇಕಾದ್ದು; ಬೇಸಿಗೆ ರಜದ ತಿಂಗಳುಗಳೇ ನಾಪತ್ತೆ. ಅದರ ಕೆಳಗೆ ಚಂದಮಾಮ, ವರ್ಷಕ್ಕೊಂದು ಬೈಂಡು, ಬೆನ್ನಿಗೆ ಕಪ್ಪು ರೆಕ್ಸಿನ್, ಮೇಲೆ ಬಂಗಾರದ ಬಣ್ಣದಲ್ಲಿ ಇಸವಿ.

ಚಂದಮಾಮದ ಬಗ್ಗೆ ಹೇಳಲು ಹೋದರೆ ಎಲ್ಲರಿಗೂ ಹೇಳಲಿಕ್ಕಿರುತ್ತದೆ, ಆದ್ದರಿಂದ ಚಿಕ್ಕದಾಗಿ. 1947ರ ಜುಲೈಯಲ್ಲಿ ಮದರಾಸಿನಿಂದ ನಾಗಿರೆಡ್ಡಿ–ಚಕ್ರಪಾಣಿ ಜೋಡಿ ತೆಲುಗು, ತಮಿಳಿನಲ್ಲಿ ಶುರುಮಾಡಿದ ಪತ್ರಿಕೆ ಕನ್ನಡಕ್ಕೆ ಬಂದದ್ದು 1949ರಲ್ಲಿ. ಅದರದೊಂದು ವಿಚಿತ್ರ ನಡವಳಿಕೆ ಇತ್ತು. ಕಥೆ ಬರೆದವರ ಹೆಸರು ಹಾಕುತ್ತಿರಲಿಲ್ಲ. ದಾಸರಿ ಸುಬ್ರಹ್ಮಣ್ಯಂ ವರ್ಷಗಟ್ಟಲೆ ಬರೆದ ಮಾಂತ್ರಿಕ ಧಾರಾವಾಹಿಗಳಿಗೂ ಹೆಸರಿರಲಿಲ್ಲ. ಆದರೆ ಚಿತ್ರದ ಮೂಲೆಯಲ್ಲಿ ರುಜು ಇರುತ್ತಿತ್ತು: ಚಿತ್ರಾ, ಶಂಕರ್, ವಪಾ. ಟಿ. ವೀರರಾಘವನ್ ಎಂಬ ಹೆಸರು ಯಾರಿಗೂ ಗೊತ್ತಿರಲಿಲ್ಲ, ‘ಚಿತ್ರಾ’ ಎಲ್ಲರಿಗೂ ಗೊತ್ತು. ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದು ನಡೆವ ವಿಕ್ರಮನನ್ನು ಬರೆದ ಕೆ.ಸಿ. ಶಿವಶಂಕರನ್ ಮಕ್ಕಳಿಗೆ ಬರೀ ಶಂಕರ್. ಅವರು 2020ರಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಮರುವರ್ಷ. ಬಾಲ್ಯದಲ್ಲಿ ಬರೆಹಗಾರರಿಗಿಂತ ಮೊದಲು ಚಿತ್ರಗಾರರ ಹೆಸರು ಕಲಿತ ಪೀಳಿಗೆ ಕನ್ನಡದಲ್ಲಿ ಬಹುಶಃ ಅದೊಂದೇ.

ಆ ಬೈಂಡುಗಳನ್ನು ಬಿಡಿಸಿ ನೋಡುತ್ತ ಹೋದಂತೆ ನನ್ನ ಉತ್ಸಾಹ ಇಳಿಯಿತು. ಒಂದರಲ್ಲೂ ಮುಖಪುಟವಿಲ್ಲ. ಬೈಂಡಿನವನು ದಪ್ಪ ಕಾಗದ ಹೊಲಿಗೆಗೆ ಅಡ್ಡಿಯೆಂದು ಹನ್ನೆರಡು ತಿಂಗಳ ರಕ್ಷಾಪುಟವನ್ನೂ ಕಿತ್ತಿದ್ದ. ಅದು ಸಾಲದೆಂದು ಅಂಚು ಸಮ ಮಾಡಲು ಮೂರು ಕಡೆ ಕತ್ತರಿಸಿದ್ದ. ಒಂದು ಪುಟದಲ್ಲಿ ರಾಕ್ಷಸನ ಕಾಲ ಬೆರಳಿಲ್ಲ. ಇನ್ನೊಂದರ ಕೆಳಮೂಲೆಯಲ್ಲಿ ರುಜುವಿನ ಮೇಲರ್ಧ ಮಾತ್ರ, ‘ಚಿತ್ರಾ’ದ ಗುಡಿಸಿನ ಸುತ್ತು ಉಳಿದು ಅಕ್ಷರದ ಹೊಟ್ಟೆ ಹೋಗಿದೆ. ಕಥೆಯ ಒಂದು ಸಾಲೂ ಕಳೆದಿಲ್ಲ.

ಇದು ಆ ಮನೆಯೊಂದರ ಮಾತಲ್ಲ. ಚಂದಮಾಮದ ಮಹಾಭಾರತದ ಮುಖಪುಟಗಳನ್ನು ಬರೆದವರು ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯ. ಮದರಾಸು ಬಿಟ್ಟು ಬೆಂಗಳೂರಿಗೆ ಬಂದಮೇಲೆ ಅವರು ಅಂಚೆಯ ಮೂಲಕ ಚಿತ್ರಕಲೆ ಕಲಿಸುವ ಶಾಲೆ ನಡೆಸಿದರು. ಅವರ ಮುಖಪುಟಗಳನ್ನು ನಾನು ನೋಡಿರುವುದು ಬಿಡಿ ಸಂಚಿಕೆಗಳಲ್ಲಿ, ಅಂದರೆ ಅಷ್ಟು ಜೋಪಾನ ಮಾಡದವರ ಮನೆಯಲ್ಲಿ. ಜೋಪಾನ ಮಾಡಿದವರೆಲ್ಲ ಬೈಂಡ್ ಮಾಡಿಸಿದರು, ಬೈಂಡ್ ಮಾಡಿಸಿದ್ದರಿಂದ ಆಚಾರ್ಯರು ಹೋದರು. ನಮಗೆ ಪುಸ್ತಕವೆಂದರೆ ಅಕ್ಷರ. ಚಿತ್ರ ಅದರ ಜೊತೆಗೆ ಬಂದ ಅಲಂಕಾರ, ಕತ್ತರಿಸಿದರೆ ನಷ್ಟವಿಲ್ಲ. ಪ್ರಾಜೆಕ್ಟ್ ವರ್ಕಿನ ತಾಯಂದಿರು ಇದನ್ನೇ ತಲೆಕೆಳಗು ಮಾಡುತ್ತಾರೆ, ಚಿತ್ರ ಇಟ್ಟುಕೊಂಡು ಅಕ್ಷರ ಎಸೆಯುತ್ತಾರೆ. ಎರಡೂ ಕಡೆ ಹಾಳಾಗುವುದು ಪುಟ. ಸಿಂಡರೆಲ್ಲಾ ಕಥೆ ಎಲ್ಲಿಯೂ ಹೋಗುವುದಿಲ್ಲ, ನಾಳೆ ಯಾರಾದರೂ ಮತ್ತೆ ಹೇಳುತ್ತಾರೆ. 1965ರಲ್ಲಿ ಒಂದು ಕನ್ನಡ ಮಗು ಆ ಚಿತ್ರದ ಬಾಯಿಂದ ಹೊರಟ ಬಲೂನಿನಲ್ಲಿ ಯಾವ ಕನ್ನಡ ಓದಿತು, ಅರಮನೆಯ ನೃತ್ಯಕ್ಕೆ, ಮಲತಾಯಿಯ ಬೈಗುಳಕ್ಕೆ ಅನುವಾದಕರು ಯಾವ ಮಾತು ಹಾಕಿದರು, ಅದು ಆ ಪುಟದಲ್ಲಿ ಮಾತ್ರ ಇದೆ.

ಟ್ರಂಕಿನ ತಳದಲ್ಲಿ ಒಂದು ಲೇಡಿಬರ್ಡ್ ಸಿಂಡರೆಲ್ಲಾ ಇತ್ತು. ಎರಿಕ್ ವಿಂಟರ್ ಚಿತ್ರ ಬರೆದ 1964ರ ‘ವೆಲ್ ಲವ್ಡ್ ಟೇಲ್ಸ್’ ಮಾಲೆಯದು. ಅದರಲ್ಲಿ ನೃತ್ಯ ಒಂದಲ್ಲ, ಮೂರು ರಾತ್ರಿ. ಹಾಗಾಗಿ ಉಡುಪೂ ಮೂರು. ಆ ಮೂರರಲ್ಲಿ ಯಾವುದು ಚೆನ್ನ ಎಂದು ಜಗತ್ತಿನಾದ್ಯಂತ ಹೆಣ್ಣುಮಕ್ಕಳು ಜಗಳವಾಡಿದ್ದಾರೆ. ಲೇಡಿಬರ್ಡಿನ ಗುಟ್ಟು ಕಾಗದದ ಲೆಕ್ಕದಲ್ಲಿದೆ. ಯುದ್ಧಕಾಲದ ಕಾಗದದ ಅಭಾವದಲ್ಲಿ, ಒಂದೇ ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸಿದರೆ ಚೂರೂ ವ್ಯರ್ಥವಾಗದೆ 56 ಪುಟದ ಪುಟ್ಟ ಪುಸ್ತಕವಾಗುವಂತೆ ಅಳತೆ ಹೊಂದಿಸಿದರು. ಎಡಕ್ಕೆ ಮಾತು, ಬಲಕ್ಕೆ ಚಿತ್ರ. ಆ ಮಿತವ್ಯಯದಿಂದಾಗಿ ಎರಡೂವರೆ ಶಿಲಿಂಗ್ ಬೆಲೆಯನ್ನು 1971ರವರೆಗೂ ಏರಿಸದೆ ನಡೆಸಿದರು. ಗಟ್ಟಿ ರಟ್ಟು, ಮಕ್ಕಳ ಕೈಯಲ್ಲಿ ಬದುಕುವ ಪುಸ್ತಕ. ಈ ಪ್ರತಿಯ ಒಳರಟ್ಟಿನಲ್ಲಿ ಶಾಲೆಯೊಂದರ ಬಹುಮಾನದ ಚೀಟಿ: ‘ಚಮಚ–ನಿಂಬೆಹಣ್ಣಿನ ಓಟ, ದ್ವಿತೀಯ.’ ಕೆಳಗೆ ಮಗುವಿನ ಅಕ್ಷರದಲ್ಲಿ ಹೆಸರು, ಕ್ಲಾಸು, ರೋಲ್ ನಂಬರು, ಮನೆ, ಬ್ಲಾಕು, ಬೆಂಗಳೂರು, ಭಾರತ, ಭೂಮಿ.

“ಇದು ಮಗಳದು,” ಎಂದರು ಆಕೆ, ಕನ್ನಡಕ ಸರಿಮಾಡಿಕೊಂಡು. “ಇದನ್ನ ತೂಕಕ್ಕೂ ಹಾಕಲ್ಲ, ನಿನಗೂ ಕೊಡಲ್ಲ. ಡಿಸೆಂಬರಲ್ಲಿ ಬರ್ತಾಳೆ. ಅವಳು ಬೇಡ ಅಂದ್ರೆ ಆಮೇಲೆ ನೋಡೋಣ. ಚಂದಮಾಮ ಬೇಕಾದ್ರೆ ತಗೊಂಡ್ ಹೋಗಪ್ಪಾ.” ಕಾಲು ಕತ್ತರಿಸಿದ ರಾಕ್ಷಸನನ್ನು ಹೊತ್ತುಕೊಂಡು ಹೊರಬಿದ್ದೆ. ಆನೆ ಡಬ್ಬ ಇಳಿಸಿಕೊಟ್ಟೇ ಹೊರಟೆ ಎಂಬುದನ್ನು ದಾಖಲೆಗಾಗಿ ಹೇಳಿದೆ.

ಬನಶಂಕರಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ದೇವಸ್ಥಾನದ ಮುಂದೆ ನಿಂಬೆಹಣ್ಣಿನ ದೀಪ ಹಚ್ಚುವವರ ಸಾಲು ದಾಟಿ ಎರಡನೇ ಹಂತದ ಬಿ.ಡಿ.ಎ. ಸಂಕೀರ್ಣಕ್ಕೆ ಹೋದರೆ ನ್ಯಾಷನಲ್ ಬುಕ್ ಟ್ರಸ್ಟಿನ ಕಚೇರಿ. ನೆಹರೂ ಬಾಲ ಪುಸ್ತಕಾಲಯದ ತೆಳ್ಳನೆಯ ಪುಸ್ತಕಗಳು ಈಗಲೂ ಅಚ್ಚಾಗುತ್ತವೆ, ಈಗಲೂ ಅಗ್ಗ. ತನ್ನ ಮೈಬಣ್ಣ ಬೇಡವೆನಿಸಿದ ಆನೆಯ ಕಥೆಯನ್ನು ತಾನೇ ಬರೆದು ತಾನೇ ಚಿತ್ರಿಸಿದ ಮಿಕ್ಕಿ ಪಟೇಲ್, ಪುಲಕ್ ಬಿಸ್ವಾಸ್, ಜಗದೀಶ್ ಜೋಶಿ ಎಲ್ಲರ ಹೆಸರೂ ಬರೆಹಗಾರರ ಹೆಸರಿನ ಪಕ್ಕದಲ್ಲೇ. ಒಂದೇ ಚಿತ್ರ, ಹಲವು ಭಾಷೆ. ಅಕ್ಷರದ ತಟ್ಟೆ ಮಾತ್ರ ಬದಲಾಗುತ್ತದೆ. ಸರ್ಕಾರಿ ಪ್ರಕಟಣೆ ಎಂದು ಮೂಗು ಮುರಿಯುವ ಸಂಗ್ರಾಹಕರಿದ್ದಾರೆ. ನನ್ನ ಮಟ್ಟಿಗೆ ನಾಳೆಯ ಅಪರೂಪದ ಪುಸ್ತಕಗಳು ಇವೇ. ಹೊಸದಿರುವಾಗಲೇ ಎರಡು ಪ್ರತಿ ಕೊಂಡಿಡುವುದು ಜಾಣತನ, ಒಂದು ಹರಿಯಲಿಕ್ಕೆ, ಒಂದು ಇಡಲಿಕ್ಕೆ.

ಜೆ.ಪಿ. ನಗರದಲ್ಲಿ ಗೆಳೆಯನ ಮನೆ. ಅವನ ಕೋಣೆಗೆ ಬಿಸಿಲು ಬಾರದಂತೆ ಕಿಟಕಿಗೆ ಕಂದು ಕಾಗದ ಅಂಟಿಸಿದ್ದಾನೆ. ಅವನ ಹೆಂಡತಿಗೆ ಇದರ ಬಗ್ಗೆ ಅಭಿಪ್ರಾಯಗಳಿವೆ. ಅವನಲ್ಲಿರುವುದು ಮುಖ್ಯವಾಗಿ ರಷ್ಯದ ಪುಸ್ತಕಗಳು. ನವಕರ್ನಾಟಕದವರು ಊರೂರಲ್ಲಿ ಪ್ರದರ್ಶನ ಹಾಕಿ ಮಾರುತ್ತಿದ್ದ ಕಾಲದಲ್ಲಿ ಅವು ನಮ್ಮ ಮಧ್ಯಮವರ್ಗದ ಮನೆಗೆ ಬಂದವು. ಸೋವಿಯತ್ ಸರ್ಕಾರವೇ ಖರ್ಚು ಹೊತ್ತದ್ದರಿಂದ ಬೆಲೆ ನಂಬಲಾಗದಷ್ಟು ಕಡಿಮೆ. 1991ರಲ್ಲಿ ಆ ದೇಶವೇ ಹೋಯಿತು, ಪುಸ್ತಕ ಬರುವುದೂ ನಿಂತಿತು. ಎಷ್ಟೋ ಕನ್ನಡ ಮಕ್ಕಳಿಗೆ ಭಾರತದ ನಕ್ಷೆಯಲ್ಲಿ ಗುಲ್ಬರ್ಗ ಗುರುತಿಸುವ ಮೊದಲೇ ಕೋಳಿಕಾಲಿನ ಗುಡಿಸಲಲ್ಲಿರುವ ಬಾಬಾ ಯಾಗಾ ಗೊತ್ತಿದ್ದಳು.

ಗೆಳೆಯ ಕೈ ತೊಳೆದು ಒರೆಸಿಕೊಂಡು ‘ವಾಸಿಲೀಸಾ’ ತೆಗೆದ. ಚಿತ್ರ ಇವಾನ್ ಬಿಲಿಬಿನ್. ಕಾಡು, ಬರ್ಚ್ ಮರ, ತಲೆಬುರುಡೆಯ ದೀಪ ಹಿಡಿದ ಹುಡುಗಿ. ಸುತ್ತ ದಪ್ಪ ಅಂಚು, ಅಂಚಿನಲ್ಲಿ ಅಣಬೆ, ಗೂಬೆ. ಎಲ್ಲ ಗೆರೆಯೂ ಒಂದೇ ದಪ್ಪ, ನಮ್ಮ ಇಳಕಲ್ ಸೀರೆಯ ಅಂಚಿನಂತೆ ಚಿತ್ರದಷ್ಟೇ ಗಟ್ಟಿ ಆ ಚೌಕಟ್ಟು. ಬಿಲಿಬಿನ್ ಚಿತ್ರಗಳ ಈ ಜಾನಪದ ಕಥೆಗಳ ಮಾಲೆ 1901ರಿಂದ 1903ರವರೆಗೆ ಹೊರಬಂದದ್ದು ಚಕ್ರವರ್ತಿಯ ಕಾಲದ ರಷ್ಯದಲ್ಲಿ, ಅಚ್ಚು ಹಾಕಿದ್ದು ನೋಟು ಅಚ್ಚುಹಾಕುವ ಸರ್ಕಾರಿ ಮುದ್ರಣಾಲಯ. ಬಣ್ಣ ಗೆರೆ ದಾಟದಿರುವುದಕ್ಕೆ ಅದೇ ಕಾರಣವಿರಬೇಕು. ಕ್ರಾಂತಿಯಾಯಿತು, ಸರ್ಕಾರ ಬದಲಾಯಿತು, ಅದೇ ಚಿತ್ರಗಳನ್ನು ಸೋವಿಯತ್ತಿನವರು ಮತ್ತೆ ಅಚ್ಚುಮಾಡಿದರು, ಅವು ಜೆ.ಪಿ. ನಗರಕ್ಕೆ ಬಂದವು.

ಅದಾದಮೇಲೆ ಅವನು ಪ್ಲಾಸ್ಟಿಕ್ ಹೊದಿಕೆಯಿಂದ ಇನ್ನೊಂದನ್ನು ತೆಗೆದ: ಅಮೆರಿಕದಲ್ಲಿ ಅಚ್ಚಾದ ‘ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್ ಜೂನಿಯರ್’ ಪಿನೋಕಿಯೊ, ನಮ್ಮ ಕನ್ನಡ ಪಿನೋಕಿಯೊನ ತಾಯಿಪ್ರತಿ. ಭೂತಗನ್ನಡಿ ಹಿಡಿದು ನೋಡಿದೆ. ಕೆನ್ನೆಯ ಕೆಂಪು ಕೆಂಪಲ್ಲ, ಬಿಳಿಯ ಮೇಲೆ ಸಾಲಾಗಿ ಕೂತ ಕೆಂಪು ಚುಕ್ಕಿ. ಒಂದು ಪುಟದಲ್ಲಿ ಹಳದಿ ಅಚ್ಚು ಕೂದಲೆಳೆಯಷ್ಟು ಸರಿದು ಮುದುಕ ಗೆಪೆಟ್ಟೊನ ಕೂದಲು ಗೋಡೆಗೆ ಸೋರಿದೆ. ಕಾಗದ ಅಗ್ಗದ ನ್ಯೂಸ್‌ಪ್ರಿಂಟ್. ಮರದ ತಿರುಳಿನಲ್ಲಿರುವ ಲಿಗ್ನಿನ್ ಬೆಳಕಿಗೆ ಹಳದಿಯಾಗುತ್ತದೆ, ಕಾಗದದೊಳಗಿನ ಆಮ್ಲ ನಾರನ್ನು ತಿನ್ನುತ್ತದೆ, ತುದಿಗಳು ಹಪ್ಪಳವಾಗಿವೆ. ಪಿನ್ನಿನ ಸುತ್ತ ತುಕ್ಕಿನ ಕಲೆ. ಹಿಂದೆ ಮಕ್ಕಳಿಗೆ ಬಣ್ಣ ತುಂಬಲೆಂದು ಬಿಟ್ಟ ಚಿತ್ರಕ್ಕೆ ಯಾರೋ ನೇರಳೆ ಹಚ್ಚಿದ್ದಾರೆ. ಅದು ಪ್ರತಿಯ ಬೆಲೆಯನ್ನು ಅರ್ಧಕ್ಕಿಳಿಸಿದೆ ಎಂದು ಗೆಳೆಯನ ಗೊಣಗು. ನನಗೆ ಆ ನೇರಳೆಯೇ ಇಷ್ಟ. ಆ ಚಿತ್ರವನ್ನು ಕಲಾವಿದರು ಬರೆದದ್ದೇ ಅದಕ್ಕೆ ಬಣ್ಣ ಬೀಳಲಿ ಎಂದು.

ಮಾತು ಕನ್ನಡದ ಸಿಂಡರೆಲ್ಲಾಳ ಕಡೆ ಹೊರಳಿತು. ಅಮೆರಿಕದ ಬಣ್ಣ ತೊಟ್ಟು ಅವಳು ಬೆಂಗಳೂರಿಗೆ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮಲ್ಲಿ ಹಂಚಿ ಇದ್ದಳು. ಎ.ಕೆ. ರಾಮಾನುಜನ್ ಉತ್ತರ ಕರ್ನಾಟಕದಲ್ಲಿ ಕೇಳಿ ಬರೆದುಕೊಂಡ ಕಥೆ: ಚಿನ್ನದ ಕೂದಲ ಹುಡುಗಿ, ಸ್ವಂತ ಅಣ್ಣನ ಕಣ್ಣು ತಪ್ಪಿಸಿಕೊಳ್ಳಲು ಮುಖಕ್ಕೆ ಮಣ್ಣಿನ ಮುಖವಾಡ ಹಾಕಿ ಊರು ಬಿಡುತ್ತಾಳೆ, ಸಾಹುಕಾರರ ಮನೆಯಲ್ಲಿ ಅಡುಗೆ ಕೆಲಸ ಮಾಡುತ್ತಾಳೆ. ಹಂಚಿಯ ಬಗ್ಗೆ ರಾಮಾನುಜನ್ ಇಂಗ್ಲಿಷಿನಲ್ಲಿ ಬರೆದ ಪ್ರಬಂಧವನ್ನು ಜಗತ್ತಿನ ಜಾನಪದ ವಿದ್ವಾಂಸರೆಲ್ಲ ಓದಿದ್ದಾರೆ. ಸಿಂಡರೆಲ್ಲಾಳಿಗೆ ಎರಿಕ್ ವಿಂಟರ್ ಸಿಕ್ಕ, ಹಂಚಿಗೆ ಅಡಿಟಿಪ್ಪಣಿಗಳು ಸಿಕ್ಕವು ಎಂದು ಗೆಳೆಯ ನಕ್ಕ. ಆ ಮಣ್ಣಿನ ಮುಖವಾಡವನ್ನು ನಮ್ಮ ಚಿತ್ರಗಾರರೊಬ್ಬರು ಅಂಗೈಯಗಲದ ಬಣ್ಣದಲ್ಲಿ ಬರೆಯಬೇಕಿತ್ತು ಎಂಬ ಹೊಟ್ಟೆಕಿಚ್ಚು ನನಗೂ ಇದೆ.

ಕಥೆಗಳು ಸಾಗಿದ ಇನ್ನೊಂದು ದಾರಿಯೂ ಉಂಟು. 1868ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಓಲ್ಡ್ ಡೆಕ್ಕನ್ ಡೇಸ್’ ಹಳೆಯ ಕಥೆಪುಸ್ತಕ ಕೂಡಿಡುವವರೆಲ್ಲ ಬಯಸುವ ಪ್ರತಿ. ಬರೆದುಕೊಂಡವಳು ಮುಂಬಯಿ ಗವರ್ನರನ ಮಗಳು ಮೇರಿ ಫ್ರೇರ್, ಚಿತ್ರ ಅವಳ ತಂಗಿ ಕ್ಯಾಥರೀನಳದು. ಕಥೆ ಹೇಳಿದವಳು ಅವರ ಆಯಾ ಅನ್ನಾ ಲಿಬರೇಟಾ ಡಿಸೋಜಾ. ಕ್ರಿಶ್ಚಿಯನ್ ಆಗುವ ಮೊದಲು ತಮ್ಮ ಮನೆತನ ಲಿಂಗಾಯತರದು, ಕಥೆಗಳೆಲ್ಲ ಅಜ್ಜಿ ಹೇಳಿದ್ದು ಎಂದು ಆಕೆಯೇ ಪುಸ್ತಕದಲ್ಲಿ ಹೇಳಿಸಿದ್ದಾಳೆ. ಮೊದಲ ಕಥೆಯೇ ಪ್ರಾಣವನ್ನು ದೂರದ ಗಿಳಿಯಲ್ಲಿ ಬಚ್ಚಿಟ್ಟ ಮಾಂತ್ರಿಕನದು. ನಮ್ಮ ಅಡಗೂಲಜ್ಜಿ ಕಥೆಗಳಲ್ಲಿ ಆ ಗಿಳಿಯನ್ನು ಕಾಣದವರು ಯಾರು? ಲಿಂಗಾಯತ ಅಜ್ಜಿಯ ಗಿಳಿ ಲಂಡನ್ನಿಗೆ ಹೋಯಿತು, ಸುಮಾರು ನೂರು ವರ್ಷದ ಮೇಲೆ ಅಲ್ಲಿನ ಸುಂದರಿಯರು ಬೆಂಗಳೂರಿಗೆ ಬಂದರು. ನಮ್ಮ ಕಥೆ, ಅವರ ಕಥೆ ಎಂದು ಈ ವಿಷಯದಲ್ಲಿ ಬೇಲಿ ಹಾಕುವವರಿಗೆ ಯಾವ ಕಡೆ ಗೂಟ ನೆಡುವುದೆಂದೇ ಗೊತ್ತಾಗಲಿಕ್ಕಿಲ್ಲ.

ಸಂಜೆ ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗ ಬಿಟ್ಟು ಹಳದಿ ಹತ್ತಿದೆ. 2025ರ ಆಗಸ್ಟಿನಲ್ಲಿ ಶುರುವಾದ ದಾರಿ, ಇನ್ನೂ ಹೊಸ ಬಣ್ಣ. ರಾಗಿಗುಡ್ಡ, ಜಯದೇವ, ಬಿ.ಟಿ.ಎಂ. ಲೇಔಟ್. ಬಿ.ಟಿ.ಎಂ.ನ ಪಿ.ಜಿ.ಗಳ ನಡುವಿನ ಪೇಪರ್ ಅಂಗಡಿಗಳಲ್ಲಿ ನಮಗೇನೂ ಇಲ್ಲ: ಜಾವಾ, ಪೈಥಾನ್, ಬ್ಯಾಂಕಿಂಗ್ ಪರೀಕ್ಷೆ. ಅಲ್ಲಿನವರು ಬಾಲ್ಯವನ್ನು ಬೇರೆ ಊರಲ್ಲಿ ಬಿಟ್ಟು ಬಂದವರು.

ಸಿಲ್ಕ್ ಬೋರ್ಡ್ ದಾಟಿದರೆ ಬೊಮ್ಮನಹಳ್ಳಿ. ಕುವೆಂಪು ಅವರ ಬೊಮ್ಮನಹಳ್ಳಿ ಇದಲ್ಲ, ಅದು ಇರುವುದು ತುಂಗಾ ತೀರದಲ್ಲಿ. ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿ ಹಿಡಿಯುವವನನ್ನು ಬ್ರೌನಿಂಗ್ ಇಂಗ್ಲಿಷ್ ಪದ್ಯಕ್ಕೆ ತಂದ, ಕುವೆಂಪು ಅವನಿಗೆ ಜಡೆ ಬಿಟ್ಟು ಕಿಂದರಿ ಕೊಟ್ಟು ಜೋಗಿ ಮಾಡಿದರು. ಆ ಅಮೆರಿಕನ್ ಮಾಲೆಯಲ್ಲಿ 504ನೆಯ ಪುಸ್ತಕ ಇದೇ ಇಲಿ ಹಿಡಿಯುವವನ ಕಥೆ. ಬೆಂಗಳೂರಿನ ಹತ್ತರ ಪಟ್ಟಿಯಲ್ಲಿ ಅದು ಇಲ್ಲ. ಕನ್ನಡದ ಮಕ್ಕಳಿಗೆ ಆಗಲೇ ಒಬ್ಬ ಜೋಗಿ ಇದ್ದಾನೆ, ಇನ್ನೊಬ್ಬ ಬೇಡ ಎಂದು ಕೈಬಿಟ್ಟರು ಎಂದುಕೊಳ್ಳುವುದು ನನಗಿಷ್ಟ. ಊಹೆ ನನ್ನದು, ಆಧಾರ ಕೇಳಬೇಡಿ.

ಇಷ್ಟು ಹೇಳಿದ ಮೇಲೆ ಒಂದು ಕೆಲಸದ ಮಾತು. ಈ ಸಲ ಬೊಂಬೆ ಇಳಿಸುವಾಗಲೋ ಮನೆ ಖಾಲಿ ಮಾಡುವಾಗಲೋ ತೆಳ್ಳನೆಯ ಕನ್ನಡ ಚಿತ್ರಕಥೆ ಪುಸ್ತಕ ಸಿಕ್ಕರೆ ತೂಕಕ್ಕೆ ಹಾಕುವ ಮುಂಚೆ ಸಂಖ್ಯೆ ನೋಡಿ. ರಕ್ಷಾಪುಟ ಇಲ್ಲದಿದ್ದರೂ ಸರಿ, ಮಗು ಗೀಚಿದ್ದರೂ ಸರಿ. ಹರಿದಿದ್ದರೆ ಸೆಲ್ಲೋಟೇಪ್ ಮಾತ್ರ ಹಾಕಬೇಡಿ. ಅದರ ಅಂಟು ಕಂದಾಗಿ ಕಾಗದಕ್ಕಿಳಿದರೆ ಮತ್ತೆ ಹೋಗುವುದಿಲ್ಲ. ತುಕ್ಕು ಹಿಡಿದ ಪಿನ್ನು ತೆಗೆದು ಹತ್ತಿಯ ದಾರದಲ್ಲಿ ಎರಡು ಹೊಲಿಗೆ ಹಾಕಿ, ಬಿಸಿಲು ಬೀಳದ ಕಡೆ ಮಲಗಿಸಿಡಿ. ಚಂದಮಾಮವನ್ನು ಇನ್ನು ಬೈಂಡ್ ಮಾಡಿಸಬೇಡಿ. ಪುಸ್ತಕ ನನಗೆ ಕೊಡಬೇಕೆಂದೇನೂ ಇಲ್ಲ, ನಿಮ್ಮ ಹತ್ತಿರವೇ ಇರಲಿ. ಬೆಂಗಳೂರಿನಲ್ಲೇ ಸಂಚಿ ಫೌಂಡೇಶನ್ನಿನ ಗೆಳೆಯರು ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಏರಿಸುತ್ತಿದ್ದಾರೆ. ಅಂಥವರಿಗೆ ಒಂದು ದಿನದ ಮಟ್ಟಿಗೆ ಕೊಡಿ. ಮುಖಪುಟದಿಂದ ಹಿಂದಿನ ಜಾಹೀರಾತಿನವರೆಗೆ ಒಂದು ಪುಟವನ್ನೂ ಬಿಡದೆ ತೆಗೆಯಲು ಹೇಳಿ.